ಹಳೆ ಕಂಪ್ಯೂಟರ್‌ಗೆ ಉಬುಂಟು ಹಾಕಿಸ್ತೀರಾ? ನುಡಿ ಟೈಪಿಂಗ್ ಕೈಬಿಡಬೇಕಿಲ್ಲ

ವಿಂಡೋಸ್ 10ಕ್ಕೆ ಕಂಪನಿಯ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಗಡಿ, ಜೆರಾಕ್ಸ್ ಸೆಂಟರ್, ಸೊಸೈಟಿಗಳಲ್ಲಿರುವ ಎಷ್ಟೋ ಹಳೆ ಕಂಪ್ಯೂಟರ್‌ಗಳಿಗೆ ವಿಂಡೋಸ್ 11 ಹತ್ತುವುದಿಲ್ಲ. ಹೊಸದು ತರೋಣ ಅಂದ್ರೆ ದುಡ್ಡಿನ ಮಾತು. ಹಾಗಾಗಿ ರಿಪೇರಿಯವರು ‘ಉಬುಂಟು ಹಾಕಿ ಕೊಡ್ತೀನಿ, ಫ್ರೀ’ ಅಂತಾರೆ. ಉಬುಂಟು ಎಂಬುದು ಲಿನಕ್ಸ್ ಕುಟುಂಬದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಮುಕ್ತ ತಂತ್ರಾಂಶ. ಆಗ ಬರುವ ಮೊದಲ ಪ್ರಶ್ನೆ ಒಂದೇ: ಅದರಲ್ಲಿ ನುಡಿ ಬರುತ್ತಾ?

ನುಡಿ ತಂತ್ರಾಂಶ ಬರಲ್ಲ, ಅದು ವಿಂಡೋಸ್‌ಗೆ ಮಾಡಿದ್ದು. ಆದರೆ ನಿಮ್ಮ ಬೆರಳಿಗೆ ಕೂತಿರುವುದು ತಂತ್ರಾಂಶವಲ್ಲ, ಕೀಲಿಮಣೆ. ಕೆ.ಪಿ. ರಾವ್ ಅವರು ರೂಪಿಸಿದ ಆ ವಿನ್ಯಾಸವನ್ನು ಸರ್ಕಾರ ಪ್ರಮಾಣಿತ ಅಂತ ಒಪ್ಪಿಕೊಂಡಿದೆ, ಅದು ಲಿನಕ್ಸ್‌ನಲ್ಲೂ ಇದೆ. ಏನು ಹುಡುಕಬೇಕು ಅನ್ನೋದು ಗೊತ್ತಿರಬೇಕು ಅಷ್ಟೆ.

ಮೊದಲು ಇಂಟರ್ನೆಟ್ ಜೋಡಿಸಿ, ಐಬಸ್-ಎಂ17ಎನ್ ಎಂಬ ಪ್ಯಾಕೇಜನ್ನು ಹಾಕಿಸಿಕೊಳ್ಳಿ. ಹಾಕಿದವರಿಗೇ ಹೇಳಿದರೆ ಎರಡು ನಿಮಿಷದ ಕೆಲಸ. ಆಮೇಲೆ ಒಮ್ಮೆ ಲಾಗೌಟ್ ಆಗಿ ಮತ್ತೆ ಒಳಗೆ ಬನ್ನಿ. ಸೆಟ್ಟಿಂಗ್ಸ್ ತೆರೆದು ಕೀಬೋರ್ಡ್ ಅಂತ ಇರುವ ಕಡೆ ಹೋದರೆ ‘ಇನ್‌ಪುಟ್ ಸೋರ್ಸಸ್’ ಎಂಬ ಪಟ್ಟಿ ಸಿಗುತ್ತದೆ. ಅಲ್ಲಿ ಪ್ಲಸ್ ಗುರುತು ಒತ್ತಿ ಕನ್ನಡ ಹುಡುಕಿ.

ಇಲ್ಲೇ ಜನ ಎಡವೋದು. ಕನ್ನಡ ಅಂತ ಒಂದಲ್ಲ, ನಾಲ್ಕಾರು ಹೆಸರು ಬರುತ್ತವೆ. ‘ಕಗಪ ಫೊನೆಟಿಕ್’ ಅಂತ ಒಂದಿದೆ, ‘ಕೆಜಿಪಿ (ಎಂ17ಎನ್)’ ಅಂತ ಇನ್ನೊಂದಿದೆ. ಎರಡೂ ಒಂದೇ ಅನ್ನಿಸಿದರೂ ಮೊದಲನೆಯದರಲ್ಲಿ ಒಂದು ಕೀಲಿಗೆ ಒಂದು ಗುರುತು, ಹಿಂದಿನ ಅಕ್ಷರ ಏನಿತ್ತು ಅಂತ ಅದು ನೋಡಲ್ಲ. ವ್ಯಂಜನದ ನಂತರ ಐ ಒತ್ತಿದರೆ ಗುಡಿಸು, ಪದದ ಮೊದಲಿಗೆ ಒತ್ತಿದರೆ ಇ — ನುಡಿಯಲ್ಲಿ ಆಗುವ ಈ ಕೆಲಸ ನಿಮಗೆ ಬೇಕಿದ್ದರೆ ಎರಡನೆಯದನ್ನೇ ಆರಿಸಿ. ‘ಇನ್‌ಸ್ಕ್ರಿಪ್ಟ್’ ಬೇರೆಯೇ ವಿನ್ಯಾಸ, ಅದನ್ನು ಕಲಿತವರಿಗೆ ಮಾತ್ರ. ಇಂಗ್ಲಿಷ್ ಉಚ್ಚಾರದಂತೆ ಬರೆದು ರೂಢಿ ಇದ್ದವರಿಗೆ ‘ಐಟ್ರಾನ್ಸ್’ ಹತ್ತಿರವಾದೀತು.

ಸರಿಯಾಗಿದೆಯಾ ಅಂತ ನೋಡಲು ‘ಅಂಗಡಿ’ ಬರೆಯಿರಿ: ಎ, ಶಿಫ್ಟ್ ಹಿಡಿದು ಎಂ, ಆಮೇಲೆ ಜಿ, ಡಬ್ಲ್ಯೂ, ಐ. ‘ಕನ್ನಡ’ ಬೇಕೆಂದರೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಒತ್ತಕ್ಷರಕ್ಕೆ ಅದೇ ಹಳೆಯ ಎಫ್. ‘ಸಕಲ’ ಬರೆದರೆ ‘ಶಖಳ’ ಬರ್ತಿದೆಯಾ? ಕಂಪ್ಯೂಟರ್ ಕೆಟ್ಟಿಲ್ಲ, ಕ್ಯಾಪ್ಸ್ ಲಾಕ್ ಆನ್ ಆಗಿದೆ.

ಕನ್ನಡ-ಇಂಗ್ಲಿಷ್ ನಡುವೆ ಬದಲಿಸಲು ವಿಂಡೋಸ್ ಗುರುತಿನ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಸಾಕು. ಯಾವ ಭಾಷೆ ನಡೀತಿದೆ ಅಂತ ಪರದೆಯ ಮೇಲ್ತುದಿಯಲ್ಲಿ ಕಾಣುತ್ತದೆ. ಪಾಸ್‌ವರ್ಡ್ ಹೊಡೆಯುವ ಮುಂಚೆ ಅಲ್ಲೊಮ್ಮೆ ಕಣ್ಣು ಹಾಯಿಸಿ. ‘ಪಾಸ್‌ವರ್ಡ್ ತಗೊಳ್ತಿಲ್ಲ’ ಎಂಬ ಗೋಳು ಎಷ್ಟೋ ಸಲ ಇಷ್ಟರದ್ದೇ.

ಅಂಗಡಿಯವರಿಗೆ ತುಂಬ ಉಪಯೋಗಕ್ಕೆ ಬರುವ ಇನ್ನೊಂದು ಸೆಟ್ಟಿಂಗ್ ಅದೇ ಪುಟದಲ್ಲಿದೆ. ಪ್ರತಿ ಕಿಟಕಿಗೂ ಬೇರೆ ಬೇರೆ ಭಾಷೆ ಇರಲಿ ಅಂತ ಆರಿಸಬಹುದು. ಬಿಲ್ಲಿನ ಶೀಟು ಇಂಗ್ಲಿಷ್‌ನಲ್ಲೇ ಇರುತ್ತೆ, ಪಕ್ಕದ ವಾಟ್ಸಾಪ್ ಕನ್ನಡದಲ್ಲೇ ಇರುತ್ತೆ, ಸಲಸಲಕ್ಕೂ ಬದಲಿಸೋ ರಗಳೆ ಇಲ್ಲ. ಇಂಗ್ಲಿಷ್‌ಗೂ ‘ಇಂಡಿಯಾ, ವಿತ್ ರುಪೀ’ ಎಂಬುದನ್ನು ಹಾಕಿಕೊಂಡರೆ ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದಾಗ ₹ ಬರುತ್ತದೆ.

ಈ ಸೆಟ್ಟಿಂಗ್‌ಗಳೆಲ್ಲ ಆಯಾ ಬಳಕೆದಾರರ ಹೆಸರಿಗೆ ಸೇರಿದ್ದು. ಮಾಲೀಕರ ಲಾಗಿನ್‌ನಲ್ಲಿ ಮಾಡಿದ್ದು ಕೆಲಸದ ಹುಡುಗನ ಲಾಗಿನ್‌ಗೆ ತಾನಾಗಿ ಬರಲ್ಲ. ಅಲ್ಲಿ ಮತ್ತೊಮ್ಮೆ ಮಾಡಬೇಕು.

ಟೈಪಿಂಗ್‌ಗಿಂತ ದೊಡ್ಡ ತಲೆನೋವು ಹಳೆ ಫೈಲ್‌ಗಳದ್ದು. ಹಳೆಯ ನುಡಿ ಫಾಂಟಿನಲ್ಲಿ ಬರೆದ ಕರಾರುಪತ್ರ, ಅರ್ಜಿ, ದರಪಟ್ಟಿಗಳು ಒಳಗೆ ಇರುವುದು ಕನ್ನಡವಾಗಿ ಅಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಮೇಲೆ ಕನ್ನಡದ ಆಕಾರ ಹೊದಿಸಿದ್ದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗೀಚು. ಪರೀಕ್ಷೆ ಸುಲಭ: ಫೈಲಿನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗೇ ಬಂದರೆ ಯೂನಿಕೋಡ್, ಚಿಂತೆಯಿಲ್ಲ. ಗೀಚು ಬಂದರೆ ಹಳೆಯದು. ಅಂಥದ್ದನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒಂದೊಂದಾಗಿ ಓದಿ ನೋಡಿ, ಮೂಲ ಪ್ರತಿಯನ್ನೂ ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ಈ ಕೆಲಸ ವಿಂಡೋಸ್ ಇರುವಾಗಲೇ ಆಗಬೇಕು, ಅಳಿಸಿದ ಮೇಲಲ್ಲ.

ಲೆಕ್ಕಕ್ಕೆ ಟ್ಯಾಲಿಯನ್ನೇ ನಂಬಿದವರು ಸದ್ಯಕ್ಕೆ ಈ ದಾರಿ ಹಿಡಿಯದಿರುವುದೇ ಲೇಸು, ಅದು ವಿಂಡೋಸ್‌ನಲ್ಲಿ ಓಡುವಂಥದ್ದು. ಡಿಜಿಟಲ್ ಸಹಿಯ ಡಾಂಗಲ್ ಬಳಸುವವರು ಅದನ್ನು ಕೊಟ್ಟವರನ್ನು ಮೊದಲೇ ಕೇಳಿಕೊಳ್ಳಿ.

ಉಳಿದವರು ಉಬುಂಟುವನ್ನು ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿಸಿ ನೋಡಬಹುದು, ಹಾರ್ಡ್‌ಡಿಸ್ಕ್ ಮುಟ್ಟಬೇಕಿಲ್ಲ. ಹೀಗೆ ನೋಡುವಾಗ ಮಾಡಿದ ಸೆಟ್ಟಿಂಗ್ ಆಫ್ ಮಾಡಿದ ಮೇಲೆ ಉಳಿಯಲ್ಲ, ಆದರೆ ನಿಮ್ಮ ಪ್ರಿಂಟರ್ ಅದಕ್ಕೆ ಒಗ್ಗುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಕನ್ನಡದ ಒಂದು ಪುಟ ಪ್ರಿಂಟ್ ತೆಗೆದು ನೋಡಿದ ಮೇಲೆಯೇ ‘ಹಾಕಿ’ ಅನ್ನಿ.