ಒಂದೇ ಸೂರಿನಡಿ ಮನೆ, ಕೊಟ್ಟಿಗೆ

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಸ್ಟೈನ್‌ಬಾಕ್ ಊರಿನಲ್ಲಿರುವ ಮೆನೊನೈಟ್ ಹೆರಿಟೇಜ್ ವಿಲೇಜ್ ಸುಮಾರು 40 ಎಕರೆಯ ಬಯಲು ವಸ್ತುಸಂಗ್ರಹಾಲಯ. 1874ರಿಂದ ಈ ಸೀಮೆಗೆ ಬಂದು ನೆಲೆನಿಂತ ಮೆನೊನೈಟ್ ರೈತರ ಬದುಕನ್ನು ಅದು ಕಾಪಿಟ್ಟಿದೆ. ಇಲ್ಲಿ ಕಟ್ಟಡಗಳೇ ಮುಖ್ಯ ಸಂಗ್ರಹ. ಸುತ್ತಲಿನ ಹಳ್ಳಿಗಳಿಂದ ತಂದ ಮನೆ, ಶಾಲೆ, ಪ್ರಾರ್ಥನಾ ಮಂದಿರಗಳನ್ನು ಹಳೆಯ ಊರಿನಂತೆಯೇ ಬೀದಿಯ ಉದ್ದಕ್ಕೂ ನಿಲ್ಲಿಸಲಾಗಿದೆ.

ಮೆನೊನೈಟರು ಆಯುಧ ಹಿಡಿಯಲೊಲ್ಲದ ಕ್ರೈಸ್ತ ಪಂಗಡದವರು. ಇಂದಿನ ಯುಕ್ರೇನಿನಲ್ಲಿ ಬೇಸಾಯ ಮಾಡಿಕೊಂಡಿದ್ದ ಅವರನ್ನು 1870ರ ದಶಕದಲ್ಲಿ ರಷ್ಯದ ಕಡ್ಡಾಯ ಸೈನ್ಯಸೇವೆಯ ಭೀತಿ ಕಾಡಿತು. ಕೆನಡಾ ಸರ್ಕಾರ 1873ರಲ್ಲಿ ಸೈನ್ಯಸೇವೆಯಿಂದ ವಿನಾಯಿತಿಯನ್ನೂ ಭೂಮಿಯನ್ನೂ ಕೊಡುವ ಮಾತು ಕೊಟ್ಟಿತು. 1880ರ ವೇಳೆಗೆ ಸುಮಾರು 7,000 ಮಂದಿ ಬಂದರು. ಆದರೆ ಆ ಭೂಮಿ ಯಾರೂ ಇಲ್ಲದ ಬಯಲಾಗಿರಲಿಲ್ಲ. ಅದು ಅನಿಶಿನಾಬೆ ಮೊದಲಾದ ಮೂಲನಿವಾಸಿಗಳ ನಾಡು. 1871ರ ಮೊದಲ ಒಪ್ಪಂದದ ಮೂಲಕ ಸರ್ಕಾರ ಅದನ್ನು ತನ್ನದಾಗಿಸಿಕೊಂಡಿತ್ತು. ವಲಸಿಗರ ಸಾಹಸವನ್ನು ಹೇಳುವಾಗ ಈ ಸಂಗತಿಯನ್ನು ಬಿಡುವುದು ನ್ಯಾಯವಲ್ಲ.

ಬಂದ ಹೊಸತರಲ್ಲಿ ಹಲವು ಕುಟುಂಬಗಳು ನೆಲ ಅಗೆದು, ಮೇಲೆ ಹುಲ್ಲುಸಮೇತ ಕಿತ್ತ ಮಣ್ಣುಹೆಂಟೆಗಳ ಮಾಡು ಹೊದಿಸಿದ ಸೆಮ್ಲಿನ್ ಎಂಬ ಗುಡಿಸಲುಗಳಲ್ಲಿ ಚಳಿಗಾಲ ಕಳೆದವು. ಅದರ ಪ್ರತಿಕೃತಿಯೊಂದು ಇಲ್ಲಿದೆ. ಕೈ ಕೂಡಿದ ಮೇಲೆ ಅವರು ಕಟ್ಟಿದ್ದು ಮನೆ-ಕೊಟ್ಟಿಗೆ. ಈ ಸಂಗ್ರಹಾಲಯದಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಇದನ್ನೇ. ವಾಸದ ಕೋಣೆಗಳಿಗೆ ದನಕುದುರೆಗಳ ಕೊಟ್ಟಿಗೆಯನ್ನು ಸೇರಿಸಿ ಕಟ್ಟುತ್ತಿದ್ದರು. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿಯುವ ಚಳಿಯಲ್ಲೂ ಹೊರಗೆ ಕಾಲಿಡದೆ ಹಾಲು ಕರೆಯಬಹುದಿತ್ತು. ಮನೆಯ ನಡುವೆ ಇಟ್ಟಿಗೆಯ ದೊಡ್ಡ ಒಲೆ. ಅದರ ಬದಿಗಳೇ ಅಕ್ಕಪಕ್ಕದ ಕೋಣೆಗಳ ಗೋಡೆಗಳಾಗಿದ್ದುದರಿಂದ ಒಂದೇ ಬೆಂಕಿ ಅಷ್ಟೂ ಕೋಣೆಗಳನ್ನು ಬೆಚ್ಚಗಿಡುತ್ತಿತ್ತು. ಮರ ವಿರಳವಾದ ಹುಲ್ಲುಗಾವಲಿನಲ್ಲಿ ಉರುವಲೆಂದರೆ ಒಣಹುಲ್ಲು, ಕುರುಚಲು ಕಡ್ಡಿ ಮತ್ತು ನಮ್ಮ ಬೆರಣಿಯಂತೆ ಒಣಗಿಸಿದ ಸಗಣಿ.

ಶಾಲೆಯ ಕಟ್ಟಡಗಳು ಇನ್ನೊಂದು ಕಥೆಯನ್ನು ನೆನಪಿಸುತ್ತವೆ. ಮೆನೊನೈಟರು ಮಕ್ಕಳಿಗೆ ಜರ್ಮನ್ ಭಾಷೆಯಲ್ಲೇ ಕಲಿಸುತ್ತಿದ್ದರು. 1916ರಲ್ಲಿ ಪ್ರಾಂತ್ಯದ ಸರ್ಕಾರ ಇಂಗ್ಲಿಷನ್ನು ಕಡ್ಡಾಯ ಮಾಡಿದಾಗ ಮನನೊಂದ ಸಾವಿರಾರು ಮಂದಿ 1920ರ ದಶಕದಲ್ಲಿ ಮೆಕ್ಸಿಕೊ, ಪರಾಗ್ವೆಗಳಿಗೆ ಮತ್ತೆ ಗಂಟುಮೂಟೆ ಕಟ್ಟಿದರು.

ದೂರದಿಂದಲೇ ಕಾಣುವ ಗಾಳಿ ಗಿರಣಿ 1877ರಲ್ಲಿ ಸ್ಟೈನ್‌ಬಾಕ್‌ನಲ್ಲಿ ಕಟ್ಟಿದ್ದ ಗಿರಣಿಯ ಪ್ರತಿರೂಪ. 1972ರಲ್ಲಿ ನಿರ್ಮಿಸಿದ್ದು 2000ದಲ್ಲಿ ಬೆಂಕಿಗೆ ಸುಟ್ಟುಹೋಯಿತು. ಮರುವರ್ಷವೇ ಮತ್ತೊಂದು ಎದ್ದಿತು. ಬೇಸಿಗೆಯ ಹಬ್ಬದ ದಿನಗಳಲ್ಲಿ ಹಳೆಯ ಯಂತ್ರಗಳಿಂದ ಒಕ್ಕಣೆ ಮಾಡಿ ತೋರಿಸುತ್ತಾರೆ.