ಹಿಂಬದಿ ನೋಡಿ ಬೆಲೆ ಕಟ್ಟುವ ಸರಕು: ಹಳೆಯ ಸೈಡ್‌ಬೋರ್ಡ್

ಊಟದ ಕೋಣೆಯ ಗೋಡೆಗೆ ಒತ್ತಿ ನಿಲ್ಲಿಸುವ, ಮೇಲೆ ಉದ್ದನೆಯ ಹಲಗೆಯೂ ಕೆಳಗೆ ಡ್ರಾಯರು ಮತ್ತು ಬಾಗಿಲಿರುವ ಖಾನೆಗಳೂ ಉಳ್ಳ ಪೀಠೋಪಕರಣವನ್ನು ಸೈಡ್‌ಬೋರ್ಡ್ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಈ ಸರಕಿನ ಹಳೆಯ ಮಾದರಿಗಳ ವ್ಯಾಪಾರ ದೊಡ್ಡದು. ಅಲ್ಲಿನ ವರ್ತಕರು ಬಹುಕಾಲ ನಂಬಿದ್ದ ಲೆಕ್ಕ ಒಂದೇ: ವಯಸ್ಸು ಹೆಚ್ಚಿದಷ್ಟೂ ಬೆಲೆ ಹೆಚ್ಚು. 2000ದ ದಶಕದ ಆರಂಭದ ನಂತರ ಆ ಲೆಕ್ಕ ತಪ್ಪಿತು. ಕೆತ್ತನೆ ತುಂಬಿದ, ಹಿಂದೆ ಆಳೆತ್ತರದ ಕನ್ನಡಿಯಿರುವ ವಿಕ್ಟೋರಿಯಾ ಕಾಲದ ಮಹಾಗನಿ ಸೈಡ್‌ಬೋರ್ಡುಗಳು ಹರಾಜಿನಲ್ಲಿ ಅಗ್ಗವಾದವು. 1960ರ ದಶಕದಲ್ಲಿ ಕಾರ್ಖಾನೆಗಳಲ್ಲಿ ಯಂತ್ರದಿಂದ ತಯಾರಾದ ತೇಗದ ಸಾದಾ ಸೈಡ್‌ಬೋರ್ಡುಗಳು ಎಷ್ಟೋ ಸಲ ಅವನ್ನು ಮೀರಿದ ಬೆಲೆಗೆ ಹೋಗತೊಡಗಿದವು.

ಕಾರಣ ಬಹಳ ಸರಳ. ಪ್ರತ್ಯೇಕ ಊಟದ ಕೋಣೆಯಿರುವ ಮನೆಗಳು ಕಡಮೆಯಾದವು. ಎರಡು ಮೀಟರಿನ ಭಾರಿ ಮರದ ಗೋಪುರವನ್ನು ಫ್ಲ್ಯಾಟಿನ ಮೆಟ್ಟಿಲು ಹತ್ತಿಸುವುದೇ ಕಷ್ಟ. ಉದ್ದವಾಗಿ, ತಗ್ಗಾಗಿ ಇರುವ ಅರವತ್ತರ ದಶಕದ ಮಾದರಿಯ ಮೇಲೆ ಟಿ.ವಿ. ಚೆನ್ನಾಗಿ ಕೂರುತ್ತದೆ. ದುಬಾರಿ ಕಾಲದಲ್ಲಿ ಮಹಾಗನಿ ಖರೀದಿಸಿ ಗೋದಾಮು ತುಂಬಿಸಿಕೊಂಡವರ ಬಂಡವಾಳ ಅಲ್ಲಿಯೇ ಕರಗಿತು.

ಸೈಡ್‌ಬೋರ್ಡಿನ ಈಗಿನ ರೂಪ 18ನೆಯ ಶತಮಾನದ್ದು. ವಾಸ್ತುಶಿಲ್ಪಿ ರಾಬರ್ಟ್ ಆಡಮ್ ಶ್ರೀಮಂತರ ಮನೆಗಳಿಗೆ ಬಡಿಸುವ ಮೇಜೊಂದನ್ನೂ ಅದರ ಎರಡು ಬದಿಗೆ ಕಲಶ ಹೊತ್ತ ಪೀಠಗಳನ್ನೂ ಯೋಜಿಸಿದ್ದ. ಕಲಶದಲ್ಲಿ ತಣ್ಣೀರೋ ಚಾಕುಗಳೋ ಇರುತ್ತಿದ್ದವು. ಪೀಠದೊಳಗೆ ತಟ್ಟೆ ಬೆಚ್ಚಗಿಡಲು ತಗಡು ಹೊದಿಸಿದ ಖಾನೆ. 1788ರಲ್ಲಿ ಲಂಡನ್ನಿನ ಬಡಗಿಗಳ ದರಪುಸ್ತಕ ಪ್ರಕಟವಾದಾಗ, ಥಾಮಸ್ ಶಿಯರರ್ ಬರೆದ ಚಿತ್ರಗಳಲ್ಲಿ ಮೇಜು ಮತ್ತು ಪೀಠಗಳು ಕೂಡಿ ಒಂದೇ ವಸ್ತುವಾಗಿದ್ದವು. ಒಂದೊಂದು ಡ್ರಾಯರಿಗೆ ಕೂಲಿ ಎಷ್ಟು ಎಂದು ನಿಗದಿಮಾಡಲು ಹೊರಟ ಪುಸ್ತಕವೇ ಈ ಸರಕಿನ ಮುಖ್ಯ ದಾಖಲೆಗಳಲ್ಲಿ ಒಂದಾಯಿತೆಂಬುದು ಉದ್ದಿಮೆದಾರರಿಗೆ ರುಚಿಸುವ ಸಂಗತಿ.

ಅನುಭವಿ ವರ್ತಕರು ಸೈಡ್‌ಬೋರ್ಡಿನ ಮುಂಭಾಗವನ್ನು ಕೊನೆಗೆ ನೋಡುತ್ತಾರೆ. ಮೊದಲು ಡ್ರಾಯರನ್ನು ಹೊರಗೆಳೆದು ಬೋರಲು ಹಾಕುತ್ತಾರೆ. ಕೈಯಿಂದ ಕತ್ತರಿಸಿದ ಡವ್‌ಟೇಲ್ ಜೋಡಣೆಯ ಹಲ್ಲುಗಳು ಒಂದರಂತೆ ಒಂದಿರುವುದಿಲ್ಲ. ಒಂದೇ ಅಳತೆಯ, ಒಂದೇ ಅಂತರದ ಹಲ್ಲುಗಳಿದ್ದರೆ ಅದು ಯಂತ್ರದ ಕೆಲಸ, ಅಂದರೆ 19ನೆಯ ಶತಮಾನದ ಉತ್ತರಾರ್ಧದ್ದು ಅಥವಾ ಅನಂತರದ್ದು. ಹಿಂಬದಿಯ ಹಲಗೆಯ ಮೇಲೆ ಬಿಲ್ಲಿನಾಕಾರದ ಗೀರುಗಳಿದ್ದರೆ ಅದನ್ನು ಚಕ್ರಗರಗಸ ಸೀಳಿದೆ. ನೇರ ಗೀರುಗಳಾದರೆ ಕೈಗರಗಸದ್ದಾಗಿರಬಹುದು. ಸ್ಕ್ರೂ ಬಿಚ್ಚಿದಾಗ ತುದಿ ಮೊಂಡಾಗಿದ್ದರೆ ಅದು 19ನೆಯ ಶತಮಾನದ ಮಧ್ಯಕ್ಕಿಂತ ಹಿಂದಿನದು, ಚೂಪಾಗಿದ್ದರೆ ಈಚಿನದು. ಗರಗಸದಿಂದ ಸೀಳಿದ ಹಳೆಯ ವೆನಿಯರ್ ದಪ್ಪ. ಅಲಗಿನಿಂದ ತೆಗೆದ ಹೊಸದು ಕಾಗದದಂತೆ ತೆಳು.

ಹಿಡಿಗಳ ಹಿಂದೆ ತುಂಬಿ ಮುಚ್ಚಿದ ಹಳೆಯ ತೂತುಗಳಿದ್ದರೆ ಹಿಡಿ ಬದಲಾಗಿದೆ. ಇದು ಸಣ್ಣ ದೋಷ. ಒಂದರ ಮೇಲ್ಭಾಗವನ್ನು ಇನ್ನೊಂದರ ಬುಡಕ್ಕೆ ಕೂರಿಸಿ ಮಾರುವುದು ದೊಡ್ಡ ದೋಷ. ಅಲ್ಲಿನವರು ಇದನ್ನು ‘ಮದುವೆ’ ಎಂದು ಹಾಸ್ಯವಾಗಿ ಕರೆಯುತ್ತಾರೆ. ಎರಡೂ ಭಾಗಗಳು ನಿಜವಾಗಿ ಹಳೆಯವೇ ಆದ್ದರಿಂದ ಮುಂದೆ ನಿಂತು ನೋಡಿದವರಿಗೆ ಅನುಮಾನವೇ ಬರುವುದಿಲ್ಲ. ಹಿಂಬದಿಯ ಹಲಗೆಗಳ ಬಣ್ಣ, ನಾರು, ಮರ ಕುಗ್ಗಿದ ರೀತಿ ಬೇರೆಬೇರೆಯಾಗಿರುವುದು ಗುಟ್ಟನ್ನು ಬಿಟ್ಟುಕೊಡುತ್ತದೆ.

ಅರವತ್ತರ ದಶಕದ ಸರಕಿಗೆ ಈ ಪರೀಕ್ಷೆಗಳು ಹೊಂದುವುದಿಲ್ಲ. ಅಲ್ಲಿ ಹುಡುಕಬೇಕಾದದ್ದು ತಯಾರಕನ ಮುದ್ರೆ. ಇದರ ಹಿಂದೆ ಲಂಡನ್ನಿನ ವಾಯುವ್ಯಕ್ಕಿರುವ ಹೈ ವಿಕಂಬ್ ಪಟ್ಟಣದ ಕಥೆಯಿದೆ. ಸುತ್ತಲಿನ ಬೀಚ್ ಮರದ ಕಾಡಿನ ಬಲದಿಂದ ಅದು ಕುರ್ಚಿ ತಯಾರಿಕೆಯ ಕೇಂದ್ರವಾಯಿತು. ಊರಿನ ಫುಟ್‌ಬಾಲ್ ತಂಡಕ್ಕೆ ಇಂದಿಗೂ ‘ಕುರ್ಚಿ ಹುಡುಗರು’ ಎಂಬ ಅಡ್ಡಹೆಸರಿದೆ. ಎರಡನೆಯ ಮಹಾಯುದ್ಧದಲ್ಲಿ ಮರದ ಅಭಾವದಿಂದಾಗಿ ಸರಕಾರ 1942ರಲ್ಲಿ ‘ಯುಟಿಲಿಟಿ’ ಯೋಜನೆ ತಂದಿತು. ಯಾವ ಮಾದರಿ ತಯಾರಿಸಬೇಕೆಂಬುದನ್ನು ಸರಕಾರವೇ ನಿಗದಿಮಾಡಿತು. ನವದಂಪತಿಗಳಿಗೆ ಮತ್ತು ಬಾಂಬ್ ದಾಳಿಯಲ್ಲಿ ಮನೆ ಕಳೆದುಕೊಂಡವರಿಗೆ ಪಡಿತರದಂತೆ ಹಂಚಿಕೆಯಾಯಿತು. ಯೋಜನೆ 1952ರಲ್ಲಿ ಮುಗಿಯಿತು.

ಆವರೆಗೆ ಅಲ್ಲಿನ ಗಿರಾಕಿಗಳಿಗೆ ಗೊತ್ತಿದ್ದುದು ಸಾಮಾನ್ಯವಾಗಿ ಅಂಗಡಿಯ ಹೆಸರೇ ಹೊರತು ಕಾರ್ಖಾನೆಯ ಹೆಸರಲ್ಲ. 1898ರಲ್ಲಿ ಹೈ ವಿಕಂಬಿನಲ್ಲಿ ಹುಟ್ಟಿದ ಇ. ಗೋಮ್ ಸಂಸ್ಥೆ 1953ರಲ್ಲಿ ಈ ಪದ್ಧತಿ ಮುರಿಯಿತು. ‘ಜಿ ಪ್ಲ್ಯಾನ್’ ಎಂಬ ಹೆಸರಿಟ್ಟು ನೇರವಾಗಿ ಗ್ರಾಹಕರಿಗೆ ಜಾಹೀರಾತು ನೀಡಿತು. ಪೂರ್ತಿ ಸೆಟ್ ಕೊಳ್ಳುವ ಕಟ್ಟುಪಾಡಿಲ್ಲ. ಈ ವರ್ಷ ಮೇಜು, ಬರುವ ವರ್ಷ ಅದಕ್ಕೊಪ್ಪುವ ಸೈಡ್‌ಬೋರ್ಡ್. ಸರಕಿನ ಮೇಲೆಲ್ಲ ಮುದ್ರೆ. ಗೋಮ್ ಕುಟುಂಬ 1987ರಲ್ಲಿ ಸಂಸ್ಥೆಯನ್ನು ಮಾರಿತು. ಮುದ್ರೆ ಮಾತ್ರ ಇಂದಿಗೂ ಕೆಲಸ ಮಾಡುತ್ತಿದೆ: ಅದೇ ಕಾಲದ, ಅದೇ ಗುಣಮಟ್ಟದ ಎರಡು ಸೈಡ್‌ಬೋರ್ಡುಗಳಲ್ಲಿ ಮುದ್ರೆಯುಳ್ಳದ್ದು ಬೇಗ ಮಾರಾಟವಾಗುತ್ತದೆ. ಹೆಸರಿಲ್ಲದೆ ಮಾಲು ತಯಾರಿಸಿ ಪರರ ಅಂಗಡಿಗೆ ಕೊಡುವ ನಮ್ಮ ಕಿರು ಉದ್ದಿಮೆದಾರರು ಇದನ್ನು ಗಮನಿಸಬಹುದು.

ಹಾಗೆಂದು ಇವು ಗಟ್ಟಿ ತೇಗದವೆಂದು ತಿಳಿಯಬಾರದು. ಹೆಚ್ಚಿನವು ಪ್ಲೈವುಡ್ ಅಥವಾ ಚಿಪ್‌ಬೋರ್ಡಿನ ಮೇಲೆ ತೆಳು ತೇಗದ ವೆನಿಯರ್ ಹೊದಿಸಿದಂಥವು. ಹೊಸತಾಗಿ ಕಾಣಲೆಂದು ಉತ್ಸಾಹದಿಂದ ಮರಳುಕಾಗದ ಉಜ್ಜಿದರೆ ವೆನಿಯರ್ ಸವೆದುಹೋಗಿ ಸರಕು ಕೆಡುತ್ತದೆ.

ಕರ್ನಾಟಕದ ವರ್ತಕರಿಗೆ ಈ ವಿಷಯ ತಾಕುವುದು ಬೀಟೆ ಮರದ ಮೂಲಕ. ಆ ಕಾಲದ ದುಬಾರಿ ಸೈಡ್‌ಬೋರ್ಡುಗಳು ಬ್ರೆಜಿಲಿನ ರೋಸ್‌ವುಡ್ಡಿನಲ್ಲೋ ನಮ್ಮ ಬೀಟೆಯಲ್ಲೋ ಇವೆ. ಬ್ರೆಜಿಲ್ ಜಾತಿ 1992ರಿಂದ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ. ಗಡಿ ದಾಟಿಸಲು ನಿಯಮ ಅತಿ ಕಠಿಣ. ಬೀಟೆಯೂ ಸೇರಿ ಆ ಕುಲದ ಉಳಿದ ಮರಗಳು 2017ರ ಜನವರಿಯಿಂದ ಎರಡನೆಯ ಅನುಬಂಧಕ್ಕೆ ಒಳಪಟ್ಟಿವೆ. ಸಿದ್ಧವಸ್ತುವಿನಲ್ಲಿ ಆ ಮರದ ತೂಕ 10 ಕಿಲೋ ಮೀರದಿದ್ದರೆ ವಿನಾಯಿತಿಯಿದೆ. ಲೆಕ್ಕಕ್ಕೆ ಬರುವುದು ಆ ಜಾತಿಯ ಮರ ಮಾತ್ರ. ಆದ್ದರಿಂದ ಬೀಟೆಯ ವೆನಿಯರ್ ಹೊದಿಸಿದ ಸೈಡ್‌ಬೋರ್ಡ್ ವಿನಾಯಿತಿಗೆ ಒಳಪಡಬಹುದು, ಗಟ್ಟಿ ಬೀಟೆಯದು ಒಳಪಡಲಾರದು. ಬೀಗದ ರಂಧ್ರದ ಸುತ್ತ ದಂತದ ಚೂರಿದ್ದರೆ ಇನ್ನೊಂದು ತೊಡಕು. ಭಾರತದಲ್ಲಿ ದಂತದ ವ್ಯಾಪಾರ ನಿಷಿದ್ಧ. ಬ್ರಿಟನ್ನಿನಲ್ಲಿಯೂ 2022ರಲ್ಲಿ ಜಾರಿಗೆ ಬಂದ ಕಾಯಿದೆಯಂತೆ, 1947ಕ್ಕೆ ಮುಂಚಿನ, ಹತ್ತನೇ ಒಂದು ಪಾಲಿಗಿಂತ ಕಡಮೆ ದಂತವಿರುವ ವಸ್ತುವನ್ನೂ ನೋಂದಾಯಿಸಿದ ನಂತರವೇ ಮಾರಬೇಕು.

ಕಂಟೋನ್ಮೆಂಟಿನ ಬಂಗಲೆಗಳಿಂದಲೋ ಕೊಡಗು, ಚಿಕ್ಕಮಗಳೂರಿನ ತೋಟದ ಮನೆಗಳಿಂದಲೋ ಬಂದ ಸೈಡ್‌ಬೋರ್ಡುಗಳನ್ನು ಇಟ್ಟುಕೊಂಡವರು ನೆನಪಿಡಬೇಕಾದದ್ದು ನೂರು ವರ್ಷದ ಗೆರೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ ನೂರು ವರ್ಷ ತುಂಬಿದ ಕರಕುಶಲ ಕೃತಿ ಪ್ರಾಚ್ಯವಸ್ತುವಾಗುತ್ತದೆ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ರಫ್ತು ಮಾಡುವಂತೆಯೇ ಇಲ್ಲ. ಈ ಗೆರೆ ನಿಂತಲ್ಲಿ ನಿಲ್ಲದೆ ವರ್ಷವರ್ಷವೂ ಮುಂದೆ ಸರಿಯುತ್ತದೆ. 1925ರಲ್ಲಿ ತಯಾರಾದ ಸೈಡ್‌ಬೋರ್ಡ್ 2024ರಲ್ಲಿ ಬರಿಯ ಹಳೆಯ ಸಾಮಾನು. 2025ರಲ್ಲಿ ಅದೇ ಗೋದಾಮಿನ ಅದೇ ಮೂಲೆಯಲ್ಲಿದ್ದುಕೊಂಡೇ ಅದು ಕಾಯಿದೆಯೊಳಗೆ ಬಂತು.

ಗೆರೆಯ ಈಚೆಗಿನ ಸರಕನ್ನು ಹೊರದೇಶಕ್ಕೆ ಕಳುಹಿಸುವವರು ಅದು ಪ್ರಾಚ್ಯವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯುತ್ತಾರೆ. ವಯಸ್ಸಿನ ಪ್ರಶ್ನೆ ಬಂದಾಗ ನೆರವಾಗುವುದು ಹಳೆಯ ಬಿಲ್ಲು, ಮನೆಯ ಫೋಟೋ, ಹಿಂಬದಿಗೆ ಅಂಟಿಸಿದ ತಯಾರಕನ ಚೀಟಿ. ಪಾಲಿಶ್ ಮಾಡುವವರು ಮೊದಲು ಕೆರೆದು ತೆಗೆಯುವುದೂ ಆ ಚೀಟಿಯನ್ನೇ.