ಜೂಡೋ ಪ್ರವಾಸ: ತಲೆಗೆ ಬಿದ್ದ ಪೆಟ್ಟನ್ನು ಮುಚ್ಚಿಡಬೇಡಿ

“ಜಪಾನಿಗೆ ಹೋಗುವವರು ಯಾವ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು ಡಾಕ್ಟ್ರೇ?” ಎಂದು ಕೇಳುತ್ತಾ ಇಪ್ಪತ್ತಾರು ವರ್ಷದ ಯುವಕನೊಬ್ಬ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದ. ಎಂಟು ವರ್ಷಗಳಿಂದ ಜೂಡೋ ಅಭ್ಯಾಸ ಮಾಡುತ್ತಿರುವವನು. ಹಿಂದೆ ಶಿಬಿರವೊಂದರಲ್ಲಿ ಪರಿಚಯವಾದ ಜರ್ಮನಿಯ ಒಬ್ಬ, ಬ್ರೆಜಿಲ್‌ನ ಒಬ್ಬ ಗೆಳೆಯನೊಂದಿಗೆ ಜುಲೈ ತಿಂಗಳಲ್ಲಿ ಟೋಕಿಯೊದಲ್ಲಿ ಕೂಡುವುದೆಂದು ನಿಶ್ಚಯವಾಗಿತ್ತು. ಜಿಗೊರೊ ಕಾನೊ ಅವರು 1882ರಲ್ಲಿ ಸ್ಥಾಪಿಸಿದ ಕೊಡೊಕಾನ್‌ನಲ್ಲಿ ಅಭ್ಯಾಸ ಮಾಡಬೇಕೆಂದು ಮೂವರೂ ಎರಡು ವರ್ಷದಿಂದ ಹಣ ಕೂಡಿಸಿದ್ದರು. ಹೊರಡಲು ಇನ್ನು ಆರೇ ದಿನ.

ಮಾತಿನ ನಡುವೆ ಆತ ಹೇಳಿದ: “ಮೂರು ದಿನದ ಹಿಂದೆ ಅಭ್ಯಾಸದಲ್ಲಿ ಹಿಂದಕ್ಕೆ ಬಿದ್ದೆ. ಅಂದಿನಿಂದ ತಲೆ ಭಾರ. ಟ್ಯೂಬ್‌ಲೈಟ್ ನೋಡಿದರೂ ಕಿರಿಕಿರಿ. ನಿದ್ದೆ ಸಾಲದೆ ಇರಬಹುದು.” ಚುಚ್ಚುಮದ್ದಿನ ಮಾತು ಅಲ್ಲಿಗೇ ನಿಂತಿತು.

ಪೆಟ್ಟು ಬಿದ್ದಾಗ ಆಗುವುದೇನು?

ನಮ್ಮ ಮಿದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುತ್ತದೆ. ತಲೆ ಜೋರಾಗಿ ಅಲುಗಿದಾಗ ಮಿದುಳಿಗೂ ಧಕ್ಕೆಯಾಗಿ, ಅದರ ಜೀವಕೋಶಗಳ ಕೆಲಸ ಏರುಪೇರಾಗುತ್ತದೆ. ಇದನ್ನು ವೈದ್ಯರು ಕನ್ಕಷನ್ ಎನ್ನುತ್ತಾರೆ. ಪ್ರಜ್ಞೆ ತಪ್ಪಿದರೆ ಮಾತ್ರ ಕನ್ಕಷನ್ ಎಂಬುದು ತಪ್ಪು ತಿಳಿವಳಿಕೆ. ಬಹಳ ಮಂದಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ತಲೆನೋವು, ತಲೆಸುತ್ತು, ಮಂಕು, ಮರೆವು, ಬೆಳಕು ಸದ್ದು ಸಹಿಸಲಾಗದಿರುವುದು ಇದರ ಲಕ್ಷಣಗಳು. ಸ್ಕ್ಯಾನ್‌ನಲ್ಲಿ ಏನೂ ಕಾಣದಿರಬಹುದು. ಹಾಗೆಂದು ಏನೂ ಆಗಿಲ್ಲವೆಂದಲ್ಲ.

ಇದಕ್ಕಿಂತ ಅಪಾಯಕಾರಿಯಾದುದು ರಕ್ತಸ್ರಾವ. ಮಿದುಳಿನಿಂದ ಅದರ ಹೊರಪೊರೆಗೆ ಹೋಗುವ ಸಣ್ಣ ರಕ್ತನಾಳಗಳು ತಲೆ ರಭಸದಿಂದ ತಿರುಗಿದಾಗ ಹರಿಯಬಹುದು. ತಲೆ ಚಾಪೆಗೆ ಬಡಿಯದಿದ್ದರೂ ಹೀಗಾಗಬಹುದು. ರಕ್ತ ತುಂಬಿಕೊಂಡು ಮಿದುಳನ್ನು ಒತ್ತಿದಾಗ ಜೀವಕ್ಕೇ ಸಂಚಕಾರ.

ಇದು ಬರೀ ಹೆದರಿಕೆಯ ಮಾತಲ್ಲ. 1983ರಿಂದ 2011ರವರೆಗೆ ಜಪಾನಿನ ಶಾಲೆಗಳಲ್ಲಿ ಜೂಡೋ ಅಭ್ಯಾಸದಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಪ್ರಾಣ ಕಳೆದುಕೊಂಡರು. ತಲೆಯ ಗಾಯವೇ ಮುಖ್ಯ ಕಾರಣವಾಗಿತ್ತು. ಹೊಸದಾಗಿ ಸೇರಿದ ಮಕ್ಕಳೇ ಹೆಚ್ಚಾಗಿ ಬಲಿಯಾದರು. ಎದುರಾಳಿಯ ಕಾಲನ್ನು ಹೊರಗಿನಿಂದ ಕಿತ್ತು ಹಿಂದಕ್ಕೆ ಬೀಳಿಸುವ ‘ಒಸೊತೊಗಾರಿ’ಯಂತಹ ಪಟ್ಟುಗಳಲ್ಲಿ ತಲೆಯ ಹಿಂಭಾಗಕ್ಕೆ ಅಪಾಯ ಹೆಚ್ಚು. ಆದ್ದರಿಂದಲೇ ಜೂಡೋ ಕಲಿಯುವವರಿಗೆ ಮೊದಲು ಬೀಳುವ ವಿದ್ಯೆ, ಅಂದರೆ ‘ಉಕೆಮಿ’ ಕಲಿಸುತ್ತಾರೆ. ಗದ್ದವನ್ನು ಎದೆಗೆ ಒತ್ತಿ, ಸೊಂಟಪಟ್ಟಿಯ ಗಂಟನ್ನು ನೋಡುತ್ತಾ ಬೀಳಬೇಕು. ದಣಿದವನು, ನಿದ್ದೆಗೆಟ್ಟವನು ಮೊದಲು ಮರೆಯುವುದು ಇದನ್ನೇ.

ಪ್ರವಾಸದಲ್ಲೇಕೆ ಅಪಾಯ ಹೆಚ್ಚು?

ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿದೆ. ವಿಮಾನದಲ್ಲಿ ರಾತ್ರಿ ಕಳೆದು ಇಳಿದವರಿಗೆ ಒಂದೆರಡು ದಿನ ಮೈ ಒಗ್ಗುವುದಿಲ್ಲ. ಎದುರಾಳಿಗಳು ಹೊಸಬರು, ಅವರ ಬಲ ತಿಳಿಯದು, ಭಾಷೆ ಬಾರದು. ಎಲ್ಲಕ್ಕಿಂತ ಮಿಗಿಲಾಗಿ, “ಇಷ್ಟು ದೂರ ಬಂದು, ಗೆಳೆಯರೆದುರು ಕೂತುಬಿಡುವುದೇ?” ಎಂಬ ಸಂಕೋಚ. ಮೊದಲ ಪೆಟ್ಟು ವಾಸಿಯಾಗುವ ಮುನ್ನ ಬೀಳುವ ಎರಡನೆಯ ಪೆಟ್ಟು ಸಣ್ಣದಾದರೂ ಘೋರ ಪರಿಣಾಮ ತರಬಲ್ಲದು.

ಜೊತೆಗೆ ಸೆಕೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಟೋಕಿಯೊದ ಉಷ್ಣತೆ 35 ಡಿಗ್ರಿ ದಾಟುವುದುಂಟು. ಗಾಳಿಯಲ್ಲಿ ತೇವಾಂಶವೂ ವಿಪರೀತ. ದಪ್ಪ ಹತ್ತಿಯ ಜೂಡೋ ಅಂಗಿಯೊಳಗೆ ಬೆವರು ಆರುವುದಿಲ್ಲ. ಮೈ ಸೆಕೆಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಆದ್ದರಿಂದ ಮೊದಲ ದಿನಗಳಲ್ಲಿ ಅರ್ಧದಷ್ಟೇ ಅಭ್ಯಾಸ ಮಾಡಿ. ನೀರಿನೊಂದಿಗೆ ಉಪ್ಪಿನಂಶವೂ ಸೇರಲಿ. ಅಭ್ಯಾಸದ ವೇಳೆ ಒಬ್ಬರು ತಡಬಡಿಸಿ ಅಸಂಬದ್ಧ ಮಾತನಾಡತೊಡಗಿದರೆ ಅದು ಶಾಖಾಘಾತವಿರಬಹುದು, ತಲೆಯ ಗಾಯವೂ ಇರಬಹುದು. ಎರಡೂ ತುರ್ತು ಸ್ಥಿತಿಗಳೇ. ಕೂಡಲೇ 119ಕ್ಕೆ ಫೋನ್ ಮಾಡಿ. ಜಪಾನಿನಲ್ಲಿ ಆಂಬುಲೆನ್ಸ್‌ಗೆ ಅದೇ ಸಂಖ್ಯೆ. ಮೈ ಕಾದಿದ್ದರೆ ಆಂಬುಲೆನ್ಸ್ ಬರುವವರೆಗೆ ಕಾಯದೆ ತಣ್ಣೀರು, ಮಂಜುಗಡ್ಡೆಯಿಂದ ಮೈ ತಂಪುಮಾಡಿ.

ಏನು ಮಾಡಬೇಕು?

ತಲೆಗೆ ಪೆಟ್ಟು ಬಿದ್ದು ಮೇಲಿನ ಯಾವುದೇ ಲಕ್ಷಣ ಕಂಡರೂ ಆ ದಿನದ ಅಭ್ಯಾಸ ಅಲ್ಲಿಗೇ ಮುಗಿಯಿತು. ಒಂದು ದಿನ ಯಾರಾದರೂ ಜೊತೆಗಿರಬೇಕು. ಹೆಚ್ಚುತ್ತಾ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದಷ್ಟು ಮಂಪರು, ತೊದಲು ಮಾತು, ಕೈಕಾಲು ಸೋಲುವುದು, ಫಿಟ್ಸ್, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಕಿವಿ ಮೂಗಿನಿಂದ ನೀರಿನಂತಹ ದ್ರವ ಸೋರುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸಬಹುದು, ಬೇಡ. ರಕ್ತ ತೆಳುಮಾಡುವ ಔಷಧಿ ಸೇವಿಸುವವರು ಲಕ್ಷಣಗಳಿಲ್ಲದಿದ್ದರೂ ಪರೀಕ್ಷಿಸಿಕೊಳ್ಳಬೇಕು.

ಒಂದೆರಡು ದಿನದ ವಿಶ್ರಾಂತಿಯ ನಂತರ ನಡಿಗೆ, ಆಮೇಲೆ ಹಗುರ ವ್ಯಾಯಾಮ, ಅನಂತರ ಒಬ್ಬರೇ ಮಾಡುವ ಅಭ್ಯಾಸ. ಪ್ರತಿ ಹಂತಕ್ಕೂ ಕನಿಷ್ಠ ಒಂದು ದಿನ. ತೊಂದರೆ ಹೆಚ್ಚಿದರೆ ಹಿಂದಿನ ಹಂತಕ್ಕೆ. ಲಕ್ಷಣಗಳೆಲ್ಲ ಪೂರ್ತಿ ಹೋಗಿ, ವೈದ್ಯರು ಒಪ್ಪಿದ ಮೇಲಷ್ಟೇ ಎತ್ತಿ ಎಸೆಯುವ, ಬೀಳುವ ಆಟ. ಇದಕ್ಕೆ ಕೆಲವು ವಾರಗಳೇ ಹಿಡಿಯಬಹುದು.

ಔಷಧಿಯ ಚೀಲದ ಬಗ್ಗೆಯೂ ಒಂದು ಮಾತು. ಸೂಡೊಎಫೆಡ್ರಿನ್ ಶೇಕಡಾ 10ಕ್ಕಿಂತ ಹೆಚ್ಚಿರುವ ನೆಗಡಿ ಔಷಧಿಗಳನ್ನು ಜಪಾನಿಗೆ ಒಯ್ಯುವಂತಿಲ್ಲ. ಕೊಡೀನ್ ಇರುವ ಕೆಮ್ಮಿನ ಔಷಧಿಗೂ ಕಟ್ಟುಪಾಡುಗಳಿವೆ. ವೈದ್ಯರ ಚೀಟಿಯ ಔಷಧಿ ಒಂದು ತಿಂಗಳಿಗಿಂತ ಹೆಚ್ಚು ಒಯ್ಯಬೇಕಾದರೆ ಮೊದಲೇ ಅನುಮತಿ ಪಡೆಯಬೇಕು. ಪ್ರವಾಸ ವಿಮೆ ಮಾಡಿಸುವಾಗ ಅದು ಕ್ರೀಡೆಯ ಗಾಯಕ್ಕೆ ಅನ್ವಯಿಸುತ್ತದೆಯೇ ಎಂದು ಕೇಳಿ ನೋಡಿ.

ನನ್ನಲ್ಲಿಗೆ ಬಂದ ಯುವಕನ ಸ್ಕ್ಯಾನ್‌ನಲ್ಲಿ ರಕ್ತಸ್ರಾವವಿರಲಿಲ್ಲ. ವಿಮಾನ ಹತ್ತಬಹುದು, ಆದರೆ ಚಾಪೆಗೆ ಇಳಿಯಕೂಡದು ಎಂದೆ. ಅವನ ಮುಖ ಬಾಡಿತು. ಗೆಳೆಯರಿಗೆ ಹೊರಡುವ ಮೊದಲೇ ವಿಷಯ ತಿಳಿಸುವಂತೆಯೂ, “ಅತಾಮಾ ಗಾ ಇತಾಯ್”, ಅಂದರೆ “ತಲೆ ನೋಯುತ್ತಿದೆ” ಎಂಬ ಜಪಾನಿ ಮಾತನ್ನು ಬಾಯಿಪಾಠ ಮಾಡಿಕೊಳ್ಳುವಂತೆಯೂ ಹೇಳಿದೆ. ಅವನು ಹೋದ, ಅಂಚಿನಲ್ಲಿ ಕುಳಿತು ನೋಡಿದ. ಹೀಗೆ ನೋಡಿ ಕಲಿಯುವುದಕ್ಕೆ ಜಪಾನೀಯರಲ್ಲಿ ‘ಮಿತೊರಿ ಗೆಯ್ಕೊ’ ಎಂಬ ಹೆಸರೇ ಇದೆ, ಅದೂ ಅಭ್ಯಾಸವೇ ಎಂದು ಹಿಂದಿರುಗಿದ ಮೇಲೆ ಅವನೇ ನನಗೆ ಹೇಳಿದ.

ಜೂಡೋದಲ್ಲಿ ಸಾಕಾದಾಗ ಚಾಪೆಯನ್ನು ಎರಡು ಬಾರಿ ತಟ್ಟುತ್ತಾರೆ. ತಟ್ಟಿದವನನ್ನು ಯಾರೂ ಹೇಡಿ ಎನ್ನುವುದಿಲ್ಲ. ತಲೆ ನೋಯುತ್ತಿದ್ದರೆ ನೀವೂ ಚಾಪೆ ತಟ್ಟಿರಿ.